ಸೀಲಿಯಾಕ್ ಇದೆಯೋ ಇಲ್ಲವೋ? ಒಬ್ಬ ಡಾಕ್ಟರು ಹೌದು ಅಂತಾರೆ, ಇನ್ನೊಬ್ಬರು ನಗ್ತಾರೆ

ಕಡೂರು ಟೀಚರ್ | ಜನವರಿ 4, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 37 ವರ್ಷ. ಪ್ರೈಮರಿ ಶಾಲೆ ಟೀಚರ್. ಎರಡು ವರ್ಷದಿಂದ ರಕ್ತ ಕಡಿಮೆ. ಹಿಮೋಗ್ಲೋಬಿನ್ 8.6ಕ್ಕೆ ಇಳಿದಿತ್ತು. ಐರನ್ ಮಾತ್ರೆ ಎಷ್ಟು ನುಂಗಿದರೂ 9 ದಾಟಲಿಲ್ಲ. ಹೊಟ್ಟೆ ಉಬ್ಬರ ಮೊದಲಿನಿಂದಲೂ ಇತ್ತು, ಅದನ್ನು ಕಾಯಿಲೆ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೂರನೇ ಪೀರಿಯಡ್ ಹೊತ್ತಿಗೆ ಸೀರೆ ಬಿಗಿಯಾಗುತ್ತಿತ್ತು, ಸಡಿಲ ಮಾಡಿಕೊಂಡು ಪಾಠ ಮುಂದುವರಿಸುತ್ತಿದ್ದೆ, ಅಷ್ಟೇ.

ಆಗಸ್ಟ್‌ನಲ್ಲಿ ಹೊಟ್ಟೆ ಡಾಕ್ಟರ ಹತ್ತಿರ ಹೋದೆ. ಟಿಟಿಜಿ ಅನ್ನೋ ರಕ್ತ ಪರೀಕ್ಷೆ ಮಾಡಿಸಿದರು. 18 ಬಂತು, ಆ ಲ್ಯಾಬ್‌ನ ಗಡಿ 10. ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದರು. ರಿಪೋರ್ಟ್‌ನಲ್ಲಿ ‘ಮಾರ್ಷ್ 1’ ಅಂತ ಇತ್ತು. "ಇದು ಸೀಲಿಯಾಕ್, ಗೋಧಿ, ಬಾರ್ಲಿಯಲ್ಲಿರೋ ಗ್ಲುಟೆನ್ ಅನ್ನೋ ಪ್ರೋಟೀನಿನಿಂದ ಕರುಳು ಕೆಡೋ ಕಾಯಿಲೆ, ಜೀವನಪೂರ್ತಿ ಗೋಧಿ ಮುಟ್ಟಬೇಡಿ" ಅಂದರು. ಎರಡು ನಿಮಿಷದ ಮಾತು. ಸೆಪ್ಟೆಂಬರ್ 1ರಿಂದ ಗೋಧಿ ಬಿಟ್ಟೆ.

ಡಿಸೆಂಬರ್‌ನಲ್ಲಿ ನಮ್ಮ ಭಾವ ಬೆಂಗಳೂರಿನಲ್ಲಿ ಇನ್ನೊಬ್ಬರಿಗೆ ತೋರಿಸಿದರು. ಅವರು ಫೈಲ್ ನೋಡಿ ನಕ್ಕರು. "ಇದು ಪಂಜಾಬಿನವರ ಕಾಯಿಲೆ. ಮುದ್ದೆ ತಿನ್ನೋರಿಗೆ ಎಲ್ಲಿಂದ ಬರುತ್ತೆ?" ಅಂದರು. ಮತ್ತೆ ಟಿಟಿಜಿ ಮಾಡಿಸಿದರು, 7 ಬಂತು. "ನೋಡಿ, ನಾರ್ಮಲ್. ನಿಮಗಿರೋದು ಐಬಿಎಸ್, ಬರೀ ಕರುಳಿನ ಕಿರಿಕಿರಿ. ಎಲ್ಲಾ ತಿನ್ನಿ."

ಈಗ ಹಿಮೋಗ್ಲೋಬಿನ್ 10.8. ಉಬ್ಬರ ಮುಕ್ಕಾಲು ಪಾಲು ಹೋಗಿದೆ. ಆದರೆ ಏನಾಗಿದೆ ಅಂತ ಯಾರಾದರೂ ಕೇಳಿದರೆ ಹೇಳೋಕೆ ಒಂದು ಹೆಸರಿಲ್ಲ. ಕಳೆದ ವಾರ ಗೃಹಪ್ರವೇಶಕ್ಕೆ ಹೋಗಿದ್ದೆ. ಸತ್ಯನಾರಾಯಣ ಪೂಜೆಯ ಸಜ್ಜಿಗೆ ಕೈಗೆ ಹಾಕಿದರು. ಗೋಧಿ ರವೆ. ಕಣ್ಣಿಗೊತ್ತಿಕೊಂಡು ಯಜಮಾನರ ಎಲೆಗೆ ಹಾಕಿದೆ. ಪಕ್ಕದಲ್ಲಿದ್ದ ದೊಡ್ಡಮ್ಮ ಎಲ್ಲರಿಗೂ ಕೇಳೋ ಹಾಗೆ, "ಪ್ರಸಾದಕ್ಕೂ ಡಯಟ್ಟಾ?" ಅಂದರು. ಅವತ್ತು ರಾತ್ರಿ ಅತ್ತುಬಿಟ್ಟೆ. ಇದೆ ಅಂದರೆ ಇದೆ ಅಂತ ಇರ್ತೀನಿ. ಇಲ್ಲ ಅಂದರೆ ಹಾಯಾಗಿ ಚಪಾತಿ ತಿಂತೀನಿ. ಈ ಮಧ್ಯದಲ್ಲಿ ನೇತಾಡೋದು ಆಗ್ತಿಲ್ಲ.

---

ರೊಟ್ಟಿ ಬಡಿಯೋಳು | ಜನವರಿ 4, ರಾತ್ರಿ 10:25

ಟೀಚರಮ್ಮ, ಇಷ್ಟು ತಲೆ ಕೆಡಿಸಿಕೊಳ್ಳಬೇಡ್ರಿ. ಈಗಿನ ಗೋಧಿನೇ ಸರಿ ಇಲ್ಲ. ನಮ್ಮ ವಿಜಯಪುರ ಕಡೆ ಸದಕ ಅಂತ ಹಳೇ ಗೋಧಿ ಇದೆ, ಖಪ್ಲಿ ಅಂತಲೂ ಕರೀತಾರೆ. ಹುಗ್ಗಿ ಮಾಡಿದರೆ ಅದರದೇ ಮಾಡಬೇಕು. ಅದನ್ನು ತಿಂದು ನೋಡ್ರಿ, ಹೊಟ್ಟೆಗೆ ಹಗುರ. ನಮ್ಮ ಹಿರಿಯರಿಗೆ ಈ ಕಾಯಿಲೆ ಎಲ್ಲಿತ್ತು?

---

ನೋಯ್ಡಾ ಕನ್ನಡಿಗ | ಜನವರಿ 4, ರಾತ್ರಿ 11:10

ರೊಟ್ಟಿ ಅಕ್ಕ, ನಿಮ್ಮ ಹುಗ್ಗಿ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸೀಲಿಯಾಕ್ ಅನುಮಾನ ಇರೋರಿಗೆ ದಯವಿಟ್ಟು ಖಪ್ಲಿ ಹೇಳಬೇಡಿ. ಅದೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ. ಹೊಟ್ಟೆಗೆ ಹಗುರ ಅನ್ನಿಸಬಹುದು, ಒಳಗೆ ಕರುಳಿಗೆ ಆಗೋ ಪೆಟ್ಟು ಆಗುತ್ತಲೇ ಇರುತ್ತೆ. ಹಿರಿಯರಿಗೂ ಇತ್ತು, ಹೆಸರು ಇರಲಿಲ್ಲ. ಗೋಧಿಗೂ ಇದಕ್ಕೂ ನಂಟಿದೆ ಅಂತ ತೋರಿಸಿಕೊಟ್ಟವರು ವಿಲೆಮ್ ಡಿಕೆ ಅನ್ನೋ ಡಚ್ ಮಕ್ಕಳ ಡಾಕ್ಟರು, ಅವರ ಪ್ರಬಂಧ ಬಂದದ್ದೇ 1950ರಲ್ಲಿ. ಅದಕ್ಕೆ ಮುಂಚೆ ಸತ್ತ ಮಕ್ಕಳನ್ನು ‘ಬಡಕಲು ಮಗು’ ಅಂತಲೇ ಹೂತಿರುತ್ತಾರೆ.

ಟೀಚರ್, ನನ್ನ ಮಗಳಿಗೆ ಆರು ವರ್ಷದ ಹಿಂದೆ ಗೊತ್ತಾಯಿತು. ನಮಗೆ ಗೊಂದಲವೇ ಇರಲಿಲ್ಲ, ಅವಳ ಟಿಟಿಜಿ ಗಡಿಯ ಹತ್ತು ಪಟ್ಟು ದಾಟಿತ್ತು. ಮಕ್ಕಳಲ್ಲಿ ಅಷ್ಟಿದ್ದು, ಇನ್ನೊಂದು ದಿನದ ರಕ್ತದಲ್ಲಿ ಇಎಂಎ ಅನ್ನೋ ಟೆಸ್ಟೂ ಪಾಸಿಟಿವ್ ಬಂದರೆ ಬಯಾಪ್ಸಿ ಇಲ್ಲದೆಯೂ ಖಚಿತ ಮಾಡಬಹುದು ಅಂತ ಯುರೋಪಿನ ಮಕ್ಕಳ ಡಾಕ್ಟರುಗಳ 2020ರ ಮಾರ್ಗಸೂಚಿ ಹೇಳುತ್ತೆ. ನಿಮ್ಮದು 18. ಎರಡು ಪಟ್ಟೂ ಇಲ್ಲ. ಇಂಥ ಅರೆಬರೆ ನಂಬರ್ ಬಂದಾಗಲೇ ತಲೆನೋವು.

ಎರಡನೇ ಡಾಕ್ಟರ ಮಾತಿನಲ್ಲಿ ಅರ್ಧ ನಿಜ ಇದೆ. ಉತ್ತರ, ಈಶಾನ್ಯ, ದಕ್ಷಿಣ ಮೂರೂ ಕಡೆ ಒಂದೇ ಥರ ಪರೀಕ್ಷೆ ಮಾಡಿದ ದೊಡ್ಡ ಅಧ್ಯಯನ 2016ರಲ್ಲಿ ಬಂತು. ರಕ್ತದಲ್ಲಿ ಪಾಸಿಟಿವ್ ಇದ್ದವರು ಉತ್ತರದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ ನೂರಕ್ಕೆ 0.10. ದಕ್ಷಿಣದವರನ್ನು ನೋಡಿದ್ದು ವೆಲ್ಲೂರು ಕಡೆ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇದೆ. ಈ ಕಾಯಿಲೆಗೆ ಬೇಕಾದ ಜೀನ್ ಇರೋರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಈಗ ನೀವೇ ಹೇಳಿ, ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಚಪಾತಿ?

---

ಕಡೂರು ಟೀಚರ್ | ಜನವರಿ 5, ಬೆಳಿಗ್ಗೆ 6:15

ಸರ್, ನಿಮ್ಮ ಪ್ರಶ್ನೆ ಓದಿ ಸುಮ್ಮನೆ ಕೂತುಬಿಟ್ಟೆ. ಮಾವನಿಗೆ ಶುಗರ್ ಬಂದಿದ್ದು ಹತ್ತು ವರ್ಷದ ಹಿಂದೆ. ಅವತ್ತಿನಿಂದ ರಾತ್ರಿ ಮುದ್ದೆ ನಿಂತು ಚಪಾತಿ ಶುರುವಾಯಿತು. ಬೆಳಿಗ್ಗೆ ಶಾಲೆಗೆ ಓಡಬೇಕು, ವಾರಕ್ಕೆ ಮೂರು ದಿನ ಉಪ್ಪಿಟ್ಟು. ಸಂಜೆ ಬೇಕರಿ ಬನ್ನು. ನಾವು ಮುದ್ದೆ ತಿನ್ನೋರು ಅಂತ ಹೇಳಿಕೊಂಡು ತಿರುಗುತ್ತೇವೆ, ತಿನ್ನುವುದೆಲ್ಲ ಗೋಧಿ, ಮೈದಾ!

---

ಸ್ಲೈಡ್ ನೋಡೋನು | ಜನವರಿ 5, ಮಧ್ಯಾಹ್ನ 1:40

ನಾನು ಡಾಕ್ಟರಲ್ಲ, ಬಯಾಪ್ಸಿ ಬರುವ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ದಿನಾ ಈ ಚೂರುಗಳನ್ನು ಮೇಣದಲ್ಲಿ ಕೂರಿಸಿ, ಕೊಯ್ದು, ಬಣ್ಣ ಹಾಕುವ ಕೆಲಸ. ಅಷ್ಟರ ಮಟ್ಟಿಗೆ ಹೇಳುತ್ತೇನೆ.

ಸಣ್ಣ ಕರುಳಿನ ಒಳಮೈ ಹೊಸ ಟರ್ಕಿ ಟವೆಲ್ ಥರ. ಉದ್ದುದ್ದ ಎಳೆಗಳು ನಿಂತಿರುತ್ತವೆ. ಮಾರ್ಷ್ 3 ಅಂದರೆ ಟವೆಲ್ ಸವೆದು ಎಳೆಗಳು ಕುಗ್ಗಿವೆ ಅಂತ. 3ಎ, 3ಬಿ, 3ಸಿ ಅಂತ ಸವೆತ ಹೆಚ್ಚುತ್ತಾ ಹೋಗುತ್ತದೆ. ಮಾರ್ಷ್ 1ರಲ್ಲಿ ಎಳೆಗಳು ಚೆನ್ನಾಗೇ ಇರುತ್ತವೆ. ಮೇಲ್ಪದರದಲ್ಲಿ ಲಿಂಫೋಸೈಟ್ ಅನ್ನೋ ರಕ್ಷಣಾ ಕೋಶಗಳು ಜಾಸ್ತಿ ಸೇರಿಕೊಂಡಿರುತ್ತವೆ, 100 ಕೋಶಕ್ಕೆ 25ಕ್ಕಿಂತ ಹೆಚ್ಚು. ಪೊಲೀಸರು ಬಂದು ನಿಂತಿದ್ದಾರೆ, ಗಲಾಟೆ ಯಾರು ಮಾಡಿದ್ದು ಅಂತ ಗೊತ್ತಿಲ್ಲ. ಸೀಲಿಯಾಕ್ ಇರಬಹುದು. ಹೊಟ್ಟೆಯ ಎಚ್ ಪೈಲೋರಿ ಬ್ಯಾಕ್ಟೀರಿಯಾ ಇರಬಹುದು. ನೋವಿನ ಮಾತ್ರೆ ಇರಬಹುದು. ಜಿಯಾರ್ಡಿಯಾ ಥರದ ಸೋಂಕೂ ಇರಬಹುದು. ಮಾರ್ಷ್ 1 ಒಂದನ್ನೇ ನೋಡಿ ಸೀಲಿಯಾಕ್ ಅಂತ ಯಾರೂ ಮೊಹರು ಹಾಕಬಾರದು.

ಮೂರು ಪ್ರಶ್ನೆ ಕೇಳ್ತೀನಿ ಮೇಡಂ. ಎಷ್ಟು ಚೂರು ತೆಗೆದಿದ್ದರು? ರಿಪೋರ್ಟ್‌ನಲ್ಲಿ ಎಚ್ ಪೈಲೋರಿ ಬಗ್ಗೆ ಏನಾದರೂ ಇದೆಯಾ? ನೋವಿನ ಮಾತ್ರೆ ತಗೊಳ್ತಿದ್ರಾ?

---

ಕಡೂರು ಟೀಚರ್ | ಜನವರಿ 5, ರಾತ್ರಿ 8:30

ಫೈಲ್ ತೆಗೆದು ನೋಡಿದೆ ಸರ್. ಕರುಳಿನಿಂದ ಎರಡು ಚೂರು. ಹೊಟ್ಟೆಯಿಂದ ಒಂದು, ಅದರಲ್ಲಿ ಎಚ್ ಪೈಲೋರಿ ಪಾಸಿಟಿವ್. ಅದಕ್ಕೆ 14 ದಿನದ ಆಂಟಿಬಯಾಟಿಕ್ ಕೊಟ್ಟಿದ್ದರು, ಸೆಪ್ಟೆಂಬರ್‌ನಲ್ಲೇ ಮುಗಿಸಿದೆ. ಅರೆತಲೆನೋವಿಗೆ ವಾರಕ್ಕೆ ಮೂರು ನಾಲ್ಕು ನೋವಿನ ಮಾತ್ರೆ ತಗೊಳ್ತಿದ್ದೆ. ಎಂಡೋಸ್ಕೋಪಿ ಆದಮೇಲೆ ಹೆದರಿ ಅದನ್ನೂ ಬಿಟ್ಟೆ.

---

ಹೊಟ್ಟೆಪಾಡು | ಜನವರಿ 5, ರಾತ್ರಿ 8:52

ಅಂದರೆ ಒಂದೇ ತಿಂಗಳಲ್ಲಿ ಗೋಧಿ ಬಿಟ್ಟಿರಿ, ಬ್ಯಾಕ್ಟೀರಿಯಾ ಓಡಿಸಿದಿರಿ, ನೋವಿನ ಮಾತ್ರೆ ನಿಲ್ಲಿಸಿದಿರಿ. ಮೂರು ಸ್ವಿಚ್ ಒಟ್ಟಿಗೆ ಒತ್ತಿದ್ದೀರಿ. ಲೈಟ್ ಹತ್ತಿದೆ. ಯಾವ ಸ್ವಿಚ್ಚಿಂದ ಅಂತ ಈಗ ಹೇಗೆ ಹೇಳೋದು?

---

ಸ್ಲೈಡ್ ನೋಡೋನು | ಜನವರಿ 5, ರಾತ್ರಿ 9:20

ಅದೇ. ಎಚ್ ಪೈಲೋರಿ ಒಂದೇ ಸಾಕು, ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ಮಾಡುತ್ತೆ. ಹಾಗಾಗಿ ಹಿಮೋಗ್ಲೋಬಿನ್ ಏರಿದ್ದು ಗೋಧಿ ಬಿಟ್ಟಿದ್ದಕ್ಕೇ ಅಂತ ಹೇಳೋಕಾಗಲ್ಲ.

ಚೂರಿನ ವಿಷಯ. ಸೀಲಿಯಾಕ್ ಅನುಮಾನ ಇದ್ದರೆ ಡ್ಯುವೋಡಿನಮ್, ಅಂದರೆ ಸಣ್ಣ ಕರುಳಿನ ಶುರುವಿನ ತುಂಡು, ಅದರ ಎರಡನೇ ಭಾಗದಿಂದ ಕನಿಷ್ಠ ನಾಲ್ಕು, ಅದಕ್ಕೂ ಮುಂಚಿನ ಬಲ್ಬ್ ಅನ್ನೋ ಜಾಗದಿಂದ ಒಂದೋ ಎರಡೋ ತೆಗೆಯಬೇಕು. ಕಾಯಿಲೆ ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಇರುತ್ತೆ, ಒಂದು ಕಡೆ ಸವೆದು ಪಕ್ಕದಲ್ಲೇ ಚೆನ್ನಾಗಿರಬಹುದು. ಇನ್ನೊಂದು ನಮ್ಮ ಕಸುಬಿನ ಗುಟ್ಟು. ಚೂರನ್ನು ಮೇಣದಲ್ಲಿ ನೆಟ್ಟಗೆ ನಿಲ್ಲಿಸದೆ ಓರೆಯಾಗಿ ಮಲಗಿಸಿದರೆ, ಕೊಯ್ದಾಗ ಉದ್ದ ಎಳೆಯೂ ಮೋಟಾಗಿ ಕಾಣುತ್ತೆ. ನಿಮ್ಮ ಹಳೇ ಸ್ಲೈಡ್, ಚೂರು ಕೂರಿಸಿದ ಮೇಣದ ಬ್ಲಾಕ್ ಎರಡನ್ನೂ ಆಸ್ಪತ್ರೆಯಲ್ಲಿ ಕೇಳಿ ಪಡೆಯಿರಿ. ಕರುಳಿನ ಸ್ಲೈಡ್ ಜಾಸ್ತಿ ನೋಡುವ ಪೆಥಾಲಜಿಸ್ಟ್ ಹತ್ತಿರ ಇನ್ನೊಮ್ಮೆ ಓದಿಸಬಹುದು. ಮತ್ತೆ ಪೈಪ್ ನುಂಗುವ ಕೆಲಸ ಇಲ್ಲ.

---

ಮೈಸೂರು ಮಾವ | ಜನವರಿ 6, ಬೆಳಿಗ್ಗೆ 7:05

ನನ್ನ ಕಥೆ ಕೇಳಿ ತಾಯಿ. ನನಗೆ 66. ನಾಲ್ಕು ವರ್ಷದ ಹಿಂದೆ ದಿನಕ್ಕೆ ಎಂಟು ಸಲ ಭೇದಿ, 12 ಕೆಜಿ ಇಳಿದೆ. ಬಯಾಪ್ಸಿಯಲ್ಲಿ ಎಳೆ ಸವೆದಿತ್ತು. ಸೀಲಿಯಾಕ್ ಅಂದರು, ಎಂಟು ತಿಂಗಳು ಗೋಧಿ ಬಿಟ್ಟೆ. ಒಂದು ಚೂರೂ ಗುಣ ಕಾಣಲಿಲ್ಲ. ಆಮೇಲೆ ಒಬ್ಬ ವಯಸ್ಸಾದ ಡಾಕ್ಟರು ಕೇಳಿದರು, "ಟಿಟಿಜಿ ಎಷ್ಟಿತ್ತು?" ನೆಗೆಟಿವ್ ಇತ್ತು! ಟ್ರಾಪಿಕಲ್ ಸ್ಪ್ರೂ ಅಂತ ಇನ್ನೊಂದು ಕಾಯಿಲೆ ಇದೆ, ನಮ್ಮ ದಕ್ಷಿಣದ ಹಳೇ ಗಿರಾಕಿ, ವೆಲ್ಲೂರಿನಲ್ಲಿ ಅದರ ಮೇಲೆ ಬಹಳ ಕೆಲಸ ಆಗಿದೆ ಅಂತ ಹೇಳಿದರು. ಆಂಟಿಬಯಾಟಿಕ್, ಫೋಲಿಕ್ ಆಸಿಡ್, ಬಿ12. ಆರು ತಿಂಗಳಲ್ಲಿ ಮೊದಲಿನ ಹಾಗಾದೆ. ಈಗ ದಿನಾ ಸಂಜೆ ಬೆಣ್ಣೆ ಬಿಸ್ಕೆಟ್ ತಿಂತೀನಿ.

ನಿಮಗೆ ಅದೇ ಇದೆ ಅಂತಲ್ಲ. ಕೇಳೋದು ಕೇಳಿ.

---

ಔಷಧಿ ಅಂಗಡಿ | ಜನವರಿ 6, ಬೆಳಿಗ್ಗೆ 10:30

ಮಾವನವರ ಮಾತಿಗೆ ಒಂದು ಸೇರಿಸುತ್ತೇನೆ. ಟಿಟಿಜಿ ನೆಗೆಟಿವ್, ಎಳೆ ಸವೆದಿದೆ ಅಂದಾಗ ಬಿಪಿ ಮಾತ್ರೆ ಚೀಟಿಯನ್ನೂ ನೋಡಬೇಕು. ಓಲ್ಮೆಸಾರ್ಟನ್ ಅನ್ನೋ ಮಾತ್ರೆಯಿಂದ ಕೆಲವರಿಗೆ ಥೇಟ್ ಸೀಲಿಯಾಕ್ ಥರವೇ ಆಗುತ್ತದೆ. 2012ರಲ್ಲಿ ಅಮೆರಿಕದ ಡಾಕ್ಟರುಗಳು ಇದನ್ನು ಗುರುತಿಸಿದರು. ಹಾಗಂತ ಇಲ್ಲಿ ಓದಿ ಯಾರೂ ಬಿಪಿ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

---

ಸುಮ್ನೆ ಓದುವವಳು | ಜನವರಿ 6, ಮಧ್ಯಾಹ್ನ 12:15

ಒಂದೇ ರಕ್ತದಲ್ಲಿ 200 ಆಹಾರದ ಟೆಸ್ಟ್ ಮಾಡಿ ಯಾವುದು ಆಗಲ್ಲ ಅಂತ ಪಟ್ಟಿ ಕೊಡ್ತಾರಲ್ಲ, ಅದು ಮಾಡಿಸಿದರೆ ಆಗಲ್ವಾ?

---

ಹೊಟ್ಟೆಪಾಡು | ಜನವರಿ 6, ಮಧ್ಯಾಹ್ನ 12:40

ನಾನು ಮಾಡಿಸಿದ್ದೆ. ಗೋಧಿ, ಹಾಲು, ಮೊಟ್ಟೆ, ಬಾದಾಮಿ, ಬೆಳ್ಳುಳ್ಳಿ, ಕೊನೆಗೆ ಬದನೆಕಾಯಿ, ಎಲ್ಲಾ ಕೆಂಪು ಗೆರೆ. ಅದರಲ್ಲಿ ನೋಡೋದು ಐಜಿಜಿ ಅನ್ನೋ ಪ್ರತಿಕಾಯ. ನೀವು ಏನು ತಿಂದಿದ್ದೀರಿ ಅನ್ನೋದು ಮಾತ್ರ ಅದರಿಂದ ಗೊತ್ತಾಗೋದು. ಅಲರ್ಜಿ ಡಾಕ್ಟರುಗಳ ಸಂಘಗಳೇ ಅದನ್ನು ಮಾಡಿಸಬೇಡಿ ಅಂತ ಹೇಳುತ್ತವೆ. ಆ ದುಡ್ಡಿಗೆ ಒಂದು ಒಳ್ಳೇ ಮಿಕ್ಸಿ ಬರ್ತಿತ್ತು.

---

ಲೆಸ್ಟರ್‌ನಿಂದ ಅತ್ತಿಗೆ | ಜನವರಿ 6, ಸಂಜೆ 5:55

ಟೀಚರ್, ನಿಮ್ಮ ಡಿಸೆಂಬರ್ ಟಿಟಿಜಿ 7 ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ಆ ಟೆಸ್ಟಿಗೆ ಬೆಲೆ ಇಲ್ಲ. ಮೂರು ತಿಂಗಳು ಗೋಧಿ ಬಿಟ್ಟು ಮಾಡಿಸಿದರೆ ಸೀಲಿಯಾಕ್ ಇದ್ದವರಿಗೂ ಇಳಿಯುತ್ತೆ. ಬೆಂಕಿಗೆ ಸೌದೆ ಹಾಕೋದು ನಿಲ್ಲಿಸಿ, ಹೊಗೆ ಇಲ್ಲ, ಆದ್ದರಿಂದ ಬೆಂಕಿ ಯಾವತ್ತೂ ಇರಲಿಲ್ಲ ಅಂದ ಹಾಗಾಯಿತು.

ನಾನು ಇಲ್ಲಿ ಇಂಗ್ಲೆಂಡ್‌ನಲ್ಲಿ ಇದೇ ಗೋಜಲಿನಲ್ಲಿ ಸಿಕ್ಕಿಕೊಂಡಿದ್ದೆ. ಯಾವುದೋ ವಿಡಿಯೊ ನೋಡಿ ಮೊದಲೇ ಬ್ರೆಡ್ ಬಿಟ್ಟಿದ್ದೆ. ಇಲ್ಲಿನ ನಿಯಮ, ಟೆಸ್ಟಿಗೆ ಮುಂಚೆ ಕನಿಷ್ಠ ಆರು ವಾರ ಪ್ರತಿದಿನ ಒಂದಕ್ಕಿಂತ ಹೆಚ್ಚು ಹೊತ್ತು ಗ್ಲುಟೆನ್ ಇರುವ ಊಟ ಮಾಡಬೇಕು. ಗ್ಲುಟೆನ್ ಚಾಲೆಂಜ್ ಅಂತಾರೆ. ಅಮೆರಿಕದವರು ದಿನಕ್ಕೆ 3 ಗ್ರಾಂ ಗ್ಲುಟೆನ್, ಎರಡು ವಾರ, ತಡೆದುಕೊಂಡರೆ ಎಂಟು ವಾರದವರೆಗೆ ಅಂತ ಹೇಳಿದ್ದರು. ಒಂದು ಸಾಧಾರಣ ಚಪಾತಿಯಲ್ಲೇ 2ರಿಂದ 3 ಗ್ರಾಂ ಇರುತ್ತೆ ಅಂತ ಇಟ್ಟುಕೊಳ್ಳಿ. ಡಾಕ್ಟರಿಗೆ ಹೇಳಿಯೇ ಮಾಡಬೇಕು.

ಅದಕ್ಕೂ ಮುಂಚೆ ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಜೀನ್ ಟೆಸ್ಟ್ ಮಾಡಿಸಿ. ಅದಕ್ಕೆ ಗೋಧಿ ತಿಂದಿರಬೇಕು ಅಂತಿಲ್ಲ. ಎರಡೂ ಇಲ್ಲ ಅಂದರೆ ಸೀಲಿಯಾಕ್ ಇಲ್ಲ ಅಂತಲೇ ತಿಳಿಯಿರಿ, ಕಥೆ ಅಲ್ಲಿಗೆ ಮುಗೀತು. ಇದ್ದರೆ ಮಾತ್ರ ಏನೂ ಹೇಳಿದ ಹಾಗಲ್ಲ, ಊರಲ್ಲಿ ನೂರಕ್ಕೆ ಮೂವತ್ತು ಜನರಿಗೆ ಇರುತ್ತೆ.

---

ಹೊಟ್ಟೆಪಾಡು | ಜನವರಿ 6, ರಾತ್ರಿ 11:35

ತಮಾಷೆ ಬಿಟ್ಟು ಒಂದು ಮಾತು. ನಾನು ಆರು ವರ್ಷದಿಂದ ಈ ‘ಗೊತ್ತಿಲ್ಲ’ದಲ್ಲೇ ಇದ್ದೀನಿ. ಟೆಸ್ಟ್ ಮಾಡಿಸದೇ ಗೋಧಿ ಬಿಟ್ಟೆ, ಆರಾಮಾಯಿತು. ಮತ್ತೆ ತಿಂದು ಟೆಸ್ಟ್ ಮಾಡಿಸಿ ಅಂದರು. ಎರಡನೇ ದಿನಕ್ಕೆ ಹೊಟ್ಟೆ ಹಿಡಿದುಕೊಂಡು ಮಲಗಿದೆ, ಬೇಡ ಅಂತ ಬಿಟ್ಟೆ.

ಮೊದಲು ಹಾಯಾಗಿತ್ತು. ಆಮೇಲೆ ಶುರುವಾಯಿತು. ಖಚಿತ ಇಲ್ಲ ಅಂದಮೇಲೆ ಕಟ್ಟುನಿಟ್ಟೂ ಇರಲ್ಲ. ಟೀಮ್ ಊಟಕ್ಕೆ ಹೋದರೆ ‘ಇವತ್ತೊಂದಿನ’ ಅಂತ ಗೋಬಿ ಮಂಚೂರಿ. ಮದುವೆಗೆ ಹೋದರೆ ‘ಅರ್ಧ’ ಹೋಳಿಗೆ. ಸೀಲಿಯಾಕ್ ಇದ್ದರೆ ಈ ಅರ್ಧ ಹೋಳಿಗೆಯೇ ಸಾಕು ಒಳಗೆ ಕೆಡಿಸೋಕೆ. ಇಲ್ಲದಿದ್ದರೆ ಆರು ವರ್ಷ ಸುಮ್ನೆ ಪೂರಿ ಕಳೆದುಕೊಂಡೆ. ಬರೀ ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರೋ ಫ್ರಕ್ಟಾನ್ ಅನ್ನೋ ಸಕ್ಕರೆ ನನಗೆ ಆಗದೇ ಇರಬಹುದು, ಅದಕ್ಕೆ ಇಷ್ಟು ವೇಷ ಬೇಡವೇ ಬೇಡ. ಕಳೆದ ವರ್ಷ ತಂಗಿಗೆ ಥೈರಾಯ್ಡ್, ರಕ್ತ ಕಡಿಮೆ ಎರಡೂ ಬಂತು. ಡಾಕ್ಟರು "ಮನೆಯಲ್ಲಿ ಯಾರಿಗಾದರೂ ಸೀಲಿಯಾಕ್ ಇದೆಯಾ?" ಅಂತ ಕೇಳಿದರು. ಅವಳು ನನ್ನ ಮುಖ ನೋಡಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನೀವು ಬಿಟ್ಟು ನಾಲ್ಕೇ ತಿಂಗಳು. ಈಗಲೇ ಇತ್ಯರ್ಥ ಮಾಡಿಕೊಳ್ಳಿ. ವರ್ಷಗಳು ಹೋದಷ್ಟೂ ಮತ್ತೆ ತಿನ್ನೋ ಧೈರ್ಯ ಬರಲ್ಲ.

---

ಕಡೂರು ಟೀಚರ್ | ಜನವರಿ 19, ರಾತ್ರಿ 9:15

ಎರಡು ವಾರ ಆಯಿತು, ಸಂಕ್ರಾಂತಿ ಗಡಿಬಿಡಿ. ಸ್ಲೈಡ್ ಸರ್ ಹೇಳಿದ ಹಾಗೆ ಬ್ಲಾಕ್ ತಂದು ಬೇರೆ ಕಡೆ ಓದಿಸಿದೆ. "ಎರಡೇ ಚೂರು, ಅದರಲ್ಲಿ ಒಂದು ಓರೆ ಕೊಯ್ತ, ಇದರಿಂದ ಖಚಿತವಾಗಿ ಹೇಳಲಾಗದು" ಅಂತ ಬರೆದಿದ್ದಾರೆ. ಜೀನ್ ಟೆಸ್ಟ್ ಬಂತು: ಡಿಕ್ಯೂ2 ಇದೆ. ಅಂದರೆ ಊರಿನ ಮೂವತ್ತು ಜನರ ಗುಂಪಿನಲ್ಲಿ ನಾನೂ ಒಬ್ಬಳು. ಅಷ್ಟು ದುಡ್ಡು ಕೊಟ್ಟು ಮತ್ತೆ ‘ಗೊತ್ತಿಲ್ಲ’ ತಂದೆ.

ಮೂರನೇ ಡಾಕ್ಟರು ಸಿಕ್ಕಿದ್ದಾರೆ, ಸಮಾಧಾನದಿಂದ ಕೇಳಿಸಿಕೊಂಡರು. ಎಚ್ ಪೈಲೋರಿ ಹೋಗಿದೆಯಾ ಅಂತ ಉಸಿರಿನ ಟೆಸ್ಟ್ ಮಾಡಿಸಿದರು, ಹೋಗಿದೆ. ನೋವಿನ ಮಾತ್ರೆ ಮುಟ್ಟಬೇಡಿ, ಗೋಧಿ ಮಾತ್ರ ವಾಪಸ್ ತನ್ನಿ, ಏಳು ವಾರ ಅಂದರು. ಹೊಟ್ಟೆಪಾಡು ಅವರು ಹೇಳಿದ ಒಂದೇ ಸ್ವಿಚ್. ನಾಳೆಯಿಂದ ಶುರು.

ಇನ್ನೊಂದು ಕೇಳಬೇಕು. ಮಗನಿಗೆ ಎಂಟು ವರ್ಷ. ಅವನಿಗೂ ಈಗಿನಿಂದಲೇ ಗೋಧಿ ನಿಲ್ಲಿಸಲಾ?

---

ನೋಯ್ಡಾ ಕನ್ನಡಿಗ | ಜನವರಿ 19, ರಾತ್ರಿ 9:40

ಬೇಡವೇ ಬೇಡ! ನಿಲ್ಲಿಸಿದರೆ ಅವನೂ ನಿಮ್ಮ ಹಾಗೆ ಮಧ್ಯದಲ್ಲಿ ನೇತಾಡ್ತಾನೆ. ಈಗ ತಿನ್ನುತ್ತಿರುವಾಗಲೇ ಟಿಟಿಜಿ ಮಾಡಿಸಿ.

---

ಲೆಸ್ಟರ್‌ನಿಂದ ಅತ್ತಿಗೆ | ಜನವರಿ 20, ಬೆಳಗಿನ ಜಾವ 2:10

ಅದರ ಜೊತೆ ಟೋಟಲ್ ಐಜಿಎ ಅನ್ನೋ ಪ್ರತಿಕಾಯದ ಟೆಸ್ಟ್ ಕೂಡ. ಟಿಟಿಜಿ ಟೆಸ್ಟ್ ನಿಂತಿರೋದೇ ಐಜಿಎ ಮೇಲೆ. ಕೆಲವರ ಮೈಯಲ್ಲಿ ಐಜಿಎಯೇ ಇರಲ್ಲ, ಅವರಿಗೆ ಕಾಯಿಲೆ ಇದ್ದರೂ ನೆಗೆಟಿವ್ ಬರುತ್ತೆ. ನಿಮಗೆ ಒಮ್ಮೆ ಪಾಸಿಟಿವ್ ಬಂದಿರೋದರಿಂದ ನಿಮಗದರ ಚಿಂತೆ ಅಷ್ಟಿಲ್ಲ. ಮಗನಿಗೆ ಬೇಕು.

---

ಕಡೂರು ಟೀಚರ್ | ಫೆಬ್ರುವರಿ 2, ರಾತ್ರಿ 8:20

ಮಗನ ಟೆಸ್ಟ್ ಎರಡೂ ನಾರ್ಮಲ್. ಅವನಿಗೆ ಬನ್ನು ಕೊಡಿಸಿದೆ.

ನನ್ನದು. ಮೊದಲ ವಾರ ಹಬ್ಬ. ನಾಲ್ಕು ತಿಂಗಳ ಮೇಲೆ ಬಿಸಿ ಚಪಾತಿ, ತುಪ್ಪ. ಏನೂ ಆಗಲಿಲ್ಲ. ಎರಡನೇ ಡಾಕ್ಟರು ಹೇಳಿದ್ದೇ ಸರಿ, ಇಷ್ಟು ದಿನ ಸುಮ್ನೆ ಹುಚ್ಚಾಟ ಆಡಿದೆ ಅಂತ ನಾಚಿಕೆಯೂ ಆಯಿತು. ಹತ್ತನೇ ದಿನ ಮೂರನೇ ಪೀರಿಯಡ್‌ನಲ್ಲಿ ಬೋರ್ಡ್ ಮೇಲೆ ಭಾಗಾಕಾರ ಬರೆಯುತ್ತಿದ್ದೆ. ಸೀರೆ ಬಿಗಿಯಾಯಿತು. ಚಾಕ್‌ಪೀಸ್ ಕೈಯಲ್ಲೇ ಹಿಡಿದು ನಿಂತೆ. ಮಕ್ಕಳು "ಮಿಸ್, ಶೇಷ ಎಷ್ಟು?" ಅಂತ ಕೇಳ್ತಿದ್ದಾರೆ, ನನಗೆ ನಗು ಅಳು ಎರಡೂ ಒಟ್ಟಿಗೆ.

ಆದರೂ ಅನುಮಾನ. ಆಗುತ್ತೆ ಆಗುತ್ತೆ ಅಂತ ಕಾಯ್ತಾ ಇದ್ದದ್ದಕ್ಕೇ ಆಯಿತೇನೋ?

---

ಸ್ಲೈಡ್ ನೋಡೋನು | ಫೆಬ್ರುವರಿ 2, ರಾತ್ರಿ 9:00

ಇರಬಹುದು. ಅದಕ್ಕೇ ಲಕ್ಷಣ ಒಂದನ್ನೇ ನಂಬೋದಿಲ್ಲ. ರಕ್ತವೂ ಚೂರೂ ನಿಮ್ಮ ಮನಸ್ಸಿನ ಮಾತು ಕೇಳಲ್ಲ. ದಿನಾ ಏನು ತಿಂದಿರಿ, ಏನಾಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ, ನೋವಿನ ಮಾತ್ರೆ ಮಾತ್ರ ಬೇಡ.

---

ಕಡೂರು ಟೀಚರ್ | ಫೆಬ್ರುವರಿ 21, ರಾತ್ರಿ 10:05

ಐದನೇ ವಾರ. ಸಾಕಾಗಿದೆ. ಬಾಯಲ್ಲಿ ಹುಣ್ಣು, ಸಂಜೆ ಹೊತ್ತಿಗೆ ಕಾಲೆಳೆದುಕೊಂಡು ಬರ್ತೀನಿ. ಯಜಮಾನರು ಬಿಟ್ಟುಬಿಡು ಅಂತಿದ್ದಾರೆ.

---

ಮೈಸೂರು ಮಾವ | ಫೆಬ್ರುವರಿ 22, ಬೆಳಿಗ್ಗೆ 6:40

ತಾಯಿ, ಸುಮ್ಮನೆ ಹಲ್ಲು ಕಚ್ಚಿಕೊಂಡು ಇರಬೇಡಿ. ಡಾಕ್ಟರಿಗೆ ಫೋನ್ ಮಾಡಿ. ಕೆಲವರಿಗೆ ಮೊದಲೇ ಟೆಸ್ಟ್ ಮಾಡ್ತಾರೆ.

---

ಕಡೂರು ಟೀಚರ್ | ಫೆಬ್ರುವರಿ 22, ರಾತ್ರಿ 7:30

ಮಾಡಿದೆ ಮಾವ. ಆರನೇ ವಾರದ ಕೊನೆಗೆ ಬನ್ನಿ ಅಂದರು.

ಅಷ್ಟರಲ್ಲಿ ಒಂದು ಕೇಳ್ತೀನಿ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ನಾನು ಗೋಧಿ ಬಿಟ್ಟೆ ಅಂದುಕೊಂಡಿದ್ದೆನಲ್ಲ, ನಿಜವಾಗಿ ಬಿಟ್ಟಿದ್ದೆನಾ? ನಮ್ಮ ಮನೆ ಸಾರಿನ ಪುಡಿ ಅತ್ತೆಯೇ ಕುಟ್ಟೋದು. ರಾಗಿ ಬೀಸೋದು ಬಸ್ ಸ್ಟ್ಯಾಂಡ್ ಹತ್ತಿರದ ಮಿಲ್ಲಲ್ಲಿ.

---

ನೋಯ್ಡಾ ಕನ್ನಡಿಗ | ಫೆಬ್ರುವರಿ 22, ರಾತ್ರಿ 8:45

ಸಾರಿನ ಪುಡಿಗೆ ಇಂಗು ಹಾಕ್ತಾರಾ? ಡಬ್ಬಿ ಹಿಂದೆ ಓದಿ. ಅಂಗಡಿಯಲ್ಲಿ ಸಿಗೋ ಇಂಗಿನ ಪುಡಿ ಬಹುಪಾಲು ಹಿಟ್ಟು ಬೆರೆಸಿದ್ದು, ಅದರಲ್ಲಿ ಹೆಚ್ಚಿನವಕ್ಕೆ ಗೋಧಿ ಹಿಟ್ಟೋ ಮೈದಾನೋ ಹಾಕಿರ್ತಾರೆ. ಅಕ್ಕಿ ಹಿಟ್ಟಿನದೂ ಸಿಗುತ್ತೆ, ಹುಡುಕಬೇಕು. ನಾವು ಇದನ್ನು ಕಂಡುಹಿಡಿಯೋಕೆ ಒಂದು ವರ್ಷ ಬೇಕಾಯಿತು. ಮಗಳ ಟಿಟಿಜಿ ಇಳಿಯುತ್ತಲೇ ಇರಲಿಲ್ಲ. ತಪ್ಪು ಯಾರದ್ದು ಅಂತ ಮನೆಯಲ್ಲಿ ಜಗಳ ಆಡಿದ್ದೇ ಆಡಿದ್ದು, ಕೊನೆಗೆ ನೋಡಿದರೆ ನಾನೇ ದಿನಾ ಒಗ್ಗರಣೆಗೆ ಹಾಕುತ್ತಿದ್ದ ಚಿಟಿಕೆ ಇಂಗು!

---

ರೊಟ್ಟಿ ಬಡಿಯೋಳು | ಫೆಬ್ರುವರಿ 22, ರಾತ್ರಿ 9:10

ಖಪ್ಲಿ ವಿಷಯಕ್ಕೆ ಬೈಸಿಕೊಂಡ ಮೇಲೆ ಇಲ್ಲಿ ಓದ್ತಾನೇ ಇದ್ದೀನಿ. ಗಿರಣಿ ಬಗ್ಗೆ ನನಗೆ ಗೊತ್ತು, ಅದನ್ನು ಹೇಳ್ತೀನಿ. ಅವನು ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ರಾಗಿ ಬೀಸ್ತಾನೆ. ಮೊದಲ ಒಂದು ಸೇರು ಹಿಟ್ಟಲ್ಲಿ ಹಿಂದಿನವರ ಗೋಧಿ ಬಂದೇ ಬರುತ್ತೆ. ಡಬ್ಬದ ಮೂಲೆ, ಹಿಟ್ಟು ಬೀಳೋ ಬಟ್ಟೆಯ ಚೀಲ, ಎಲ್ಲಾ ಕಡೆ ಕೂತಿರುತ್ತೆ. ಬೆಳಿಗ್ಗೆ ಮೊದಲು ಹೋದರೂ ನಿನ್ನೆ ಕೊನೆಗೆ ಬೀಸಿದ್ದು ಗೋಧಿನೇ. ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಳ್ಳೋದೇ ಸರಿ. ನನ್ನ ಮಗಳ ಮನೆಯಲ್ಲಿ ಇದೆ, ಜೋಳ ಚೆನ್ನಾಗೇ ಬೀಸುತ್ತೆ. ಅದಕ್ಕೆ ಗೋಧಿ ಮಾತ್ರ ಹಾಕಬಾರದು.

---

ಔಷಧಿ ಅಂಗಡಿ | ಫೆಬ್ರುವರಿ 23, ಬೆಳಿಗ್ಗೆ 11:00

ಶಕ್ತಿಗೆ ಅಂತ ಕುಡಿಯೋ ಪುಡಿಗಳನ್ನೂ ನೋಡಿ. ಹಾರ್ಲಿಕ್ಸ್ ಥರದ್ದರಲ್ಲಿ ಬಾರ್ಲಿ ಮಾಲ್ಟ್, ಗೋಧಿ ಎರಡೂ ಇರುತ್ತೆ. ಮನೆಯಲ್ಲಿ ಮೊಳಕೆ ಕಟ್ಟಿ ಮಾಡಿದ ರಾಗಿ ಮಾಲ್ಟ್‌ನಲ್ಲಿ ಬರೀ ರಾಗಿ. ಎರಡಕ್ಕೂ ಮಾಲ್ಟ್ ಅಂತಲೇ ಹೆಸರು, ಗಿರಾಕಿಗಳು ದಿನಾ ಗೊಂದಲ ಮಾಡಿಕೊಳ್ತಾರೆ. ಪ್ಯಾಕೆಟ್ ಮೇಲೆ ಗ್ಲುಟೆನ್ ಫ್ರೀ ಅಂತ ಹಾಕಬೇಕಾದರೆ ನಮ್ಮ ದೇಶದಲ್ಲಿ ಕೆಜಿಗೆ 20 ಮಿಲಿಗ್ರಾಂ ಮೀರಬಾರದು.

---

ಕಡೂರು ಟೀಚರ್ | ಮಾರ್ಚ್ 12, ರಾತ್ರಿ 8:40

ರಿಪೋರ್ಟ್ ಬಂತು. ಟಿಟಿಜಿ 34. ಇಎಂಎ ಪಾಸಿಟಿವ್. ಈ ಸಲ ಆರು ಚೂರು ತೆಗೆದರು. ಎಳೆಗಳು ಸವೆದಿಲ್ಲ, ಮತ್ತೆ ಮಾರ್ಷ್ 1. ಎಚ್ ಪೈಲೋರಿ ಇಲ್ಲ, ಮಾತ್ರೆ ಇಲ್ಲ. ಹಿಮೋಗ್ಲೋಬಿನ್ 10.8ರಿಂದ 10.1ಕ್ಕೆ.

ಫೈಲ್ ಮೇಲೆ ಡಾಕ್ಟರು ಬರೆದದ್ದು ‘ಪೊಟೆನ್ಷಿಯಲ್ ಸೀಲಿಯಾಕ್’. ರಕ್ತ ಹೌದು ಅನ್ನುತ್ತೆ, ಕರುಳು ಇನ್ನೂ ಪೂರ್ತಿ ಒಪ್ಪಿಲ್ಲ ಅಂತ ಅರ್ಥ ಅಂತೆ. ಇಂಥವರಲ್ಲಿ ಕೆಲವರಿಗೆ ಮುಂದೆ ಎಳೆ ಸವೆಯುತ್ತೆ, ಕೆಲವರಿಗೆ ಹಾಗೇ ಇರುತ್ತೆ, ಕೆಲವರಿಗೆ ರಕ್ತವೂ ತಾನಾಗೇ ನಾರ್ಮಲ್ ಆಗುತ್ತೆ ಅಂದರು. ಲಕ್ಷಣ ಏನೂ ಇಲ್ಲದೆ ಇದ್ದಿದ್ದರೆ ಕಾದು ನೋಡೋಣ ಅಂತಿದ್ದರಂತೆ. ನನಗೆ ರಕ್ತ ಕಡಿಮೆ, ಉಬ್ಬರ ಎರಡೂ ಇರೋದರಿಂದ ಒಂದು ವರ್ಷ ಪೂರ್ತಿ, ಅರ್ಧ ಹೋಳಿಗೆಯೂ ಇಲ್ಲದೆ, ಬಿಡಿ, ಆಮೇಲೆ ಮತ್ತೆ ನೋಡೋಣ ಅಂದರು. ತಿಪಟೂರಿನಲ್ಲಿರೋ ಅಕ್ಕನಿಗೂ ಟೆಸ್ಟ್ ಮಾಡಿಸಿ ಅಂದರು.

ಹೌದು ಅಥವಾ ಇಲ್ಲ ಬೇಕು ಅಂತ ಬಂದಿದ್ದೆ. ಸಿಕ್ಕಿದ್ದು ‘ಮುಕ್ಕಾಲು ಹೌದು’. ವಿಚಿತ್ರ ಅಂದರೆ ಜನವರಿಯಷ್ಟು ಕಷ್ಟ ಆಗ್ತಿಲ್ಲ. ಈಗ ದೊಡ್ಡಮ್ಮ ಕೇಳಿದರೆ ಹೇಳೋಕೆ ಒಂದು ವಾಕ್ಯ ಇದೆ: "ರಕ್ತದಲ್ಲಿ ಬಂದಿದೆ, ಒಂದು ವರ್ಷ ಗೋಧಿ ಬೇಡ ಅಂದಿದ್ದಾರೆ." ಇಷ್ಟು ಹೇಳಿದರೆ ಯಾರೂ ಮತ್ತೆ ಕೇಳಲ್ಲ, ಪ್ರಯೋಗ ಮಾಡಿ ನೋಡಿದ್ದೀನಿ.

---

ಹೊಟ್ಟೆಪಾಡು | ಮಾರ್ಚ್ 12, ರಾತ್ರಿ 11:50

ಟೀಚರ್, ಇವತ್ತು ಮೂರನೇ ಡಾಕ್ಟರ ಊರು ಯಾವುದು ಅಂತ ಮೆಸೇಜ್ ಮಾಡಿದ್ದೀನಿ. ಮೊದಲು ಜೀನ್ ಟೆಸ್ಟ್ ಮಾಡಿಸ್ತೀನಿ. ಅದು ಇಲ್ಲ ಅಂತ ಬಂದರೆ ಇಲ್ಲೇ ಒಂದು ಪೂರಿ ಸಾಗು ಫೋಟೊ ಹಾಕ್ತೀನಿ, ಬೈಬೇಡಿ.

---

ಕಡೂರು ಟೀಚರ್ | ಮಾರ್ಚ್ 16, ಸಂಜೆ 6:30

ಖಂಡಿತ ಬೈತೀನಿ!

ಯುಗಾದಿ ಬಂತು. ಅತ್ತೆ ನಿನ್ನೆ ಅಕ್ಕಿ ಹಿಟ್ಟಿನ ಕಣಕದಲ್ಲಿ ಒಬ್ಬಟ್ಟು ಮಾಡಿ ನೋಡಿದರು. ತಟ್ಟೋಕೆ ಹೋದರೆ ಹರಿದು ಹೂರಣವೆಲ್ಲ ಕಾವಲಿಗೆ. ಮೂರು ಸಲ ಮಾಡಿದರು, ಮೂರು ಸಲವೂ ಹಾಗೇ. ಏನು ಮಾಡೋದು?

---

ರೊಟ್ಟಿ ಬಡಿಯೋಳು | ಮಾರ್ಚ್ 16, ಸಂಜೆ 7:05

ಅಂಟೇ ಇಲ್ಲದ ಹಿಟ್ಟು, ಹಿಗ್ಗು ಅಂದರೆ ಹೇಗೆ ಹಿಗ್ಗುತ್ತೆ? ಗ್ಲುಟೆನ್ ಅಂದರೆ ಆ ಅಂಟೇ ಅಲ್ವಾ. ಒಬ್ಬಟ್ಟು ಬಿಡ್ರಿ, ಅದೇ ಹೂರಣ ತುಂಬಿ ಕಡುಬು ಮಾಡ್ರಿ. ನೀರು ಕುದಿಯುವಾಗ ಒಂದು ಚಮಚ ಎಣ್ಣೆ, ಚಿಟಿಕೆ ಉಪ್ಪು ಹಾಕಿ ಅಕ್ಕಿ ಹಿಟ್ಟು ಸುರಿದು ಮುಚ್ಚಿಡಿ. ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ನಾದಬೇಕು. ಹಬೆಯಲ್ಲಿ ಹತ್ತು ನಿಮಿಷ.

---

ಕಡೂರು ಟೀಚರ್ | ಮಾರ್ಚ್ 16, ಸಂಜೆ 7:20

ಅತ್ತೆ ಪಕ್ಕದಲ್ಲೇ ಕೂತು ಓದಿಸ್ತಿದ್ದಾರೆ. ಹಿಟ್ಟು ಸುರಿದ ಮೇಲೆ ಉರಿ ಆರಿಸೋದಾ, ಸಣ್ಣ ಮಾಡೋದಾ ಅಂತ ಕೇಳ್ತಿದ್ದಾರೆ.

---

ರೊಟ್ಟಿ ಬಡಿಯೋಳು | ಮಾರ್ಚ್ 16, ಸಂಜೆ 7:26

ಸಣ್ಣ ಉರಿ, ಎರಡು ನಿಮಿಷ. ಆಮೇಲೆ ಆರಿಸ್ರಿ. ನಿಮ್ಮ ಅತ್ತೆಯವರಿಗೆ ಹೇಳ್ರಿ, ಹಿಟ್ಟು ಮಾತ್ರ ಮಿಲ್ಲಿನದು ಬೇಡ.